ಪರದೇಶದ ಓದು ಮತ್ತು ನಮ್ಮ ಹೊಲದ ಉತಾರ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಕರೆದ ಸಭಾಸದರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷಗಳ ಪ್ರಗತಿಯನ್ನು ಕಾರ್ಯದರ್ಶಿಗಳು ಅಂಕಿ ಸಮೇತ ಓದಿ ಹೇಳಿದ್ದಾರೆ. ನಾವು ಅದನ್ನೇ ಮತ್ತೆ ಹೇಳುವುದಿಲ್ಲ. ನಮಗೆ ಕೊಟ್ಟ ವಿಷಯ ಮಕ್ಕಳ ಉನ್ನತ ಶಿಕ್ಷಣ, ಅದರಲ್ಲೂ ಪರದೇಶದ ಓದು ಮತ್ತು ಅದರ ಖರ್ಚು. ಸಹಕಾರಿ ಸಂಘಕ್ಕೂ ಅಮೇರಿಕಾ, ಜರ್ಮನಿಗೂ ಏನು ಸಂಬಂಧ ಎಂದು ಹಿರಿಯರು ಕೇಳಬಹುದು. ಸಂಬಂಧ ಐತ್ರಿ. ಮೊದಲು ನಮ್ಮ ಮಂದಿ ಸಾಲ ಕೇಳುತ್ತಿದ್ದುದು ಎತ್ತಿಗೆ, ಗೊಬ್ಬರಕ್ಕೆ, ಬೋರಿಗೆ, ಮಗಳ ಲಗ್ನಕ್ಕೆ. ಈಗ ಮಕ್ಕಳ ಕಾಲೇಜು ಫೀಗೆ ಕೇಳುತ್ತಾರೆ. ಇನ್ನೂ ಒಂದು ಮಾತು ಕಟ್ಟೆಯ ಮೇಲೆ ಕಿವಿಗೆ ಬೀಳುತ್ತದೆ: "ಹುಡುಗ ಫಾರಿನ್ನಿಗೆ ಹೊಕ್ಕೇನಿ ಅಂತಾನ. ಎರಡು ಎಕರೆ ಎರಿ ಹೊಲ ಮಾರಿದ್ರ ಹೆಂಗ?"

ಮಕ್ಕಳು ಹೋಗಲಿ, ದೂರ ಹೋಗಿ ಕಲಿಯಲಿ. ಆದರೆ ಹೊಲದ ಉತಾರಕ್ಕೆ ಕೈ ಹಚ್ಚುವ ಮೊದಲು ಪೂರ್ತಿ ಲೆಕ್ಕ ಕಾಗದದ ಮೇಲೆ ಬರಲಿ. ಇವತ್ತು ನಾವು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಪರದೇಶದ ಓದು ಈ ಭಾಗಕ್ಕೆ ಹೊಸದಲ್ಲ. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಾ. ಡಿ.ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. ತಿರುಗಿ ಬಂದು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿದರು. ಮುಂದೆ ಅವರ ಹೆಸರಿನ ಫೆಲೋಶಿಪ್ ಮೇಲೆ ನಮ್ಮ ಕಡೆಯ ಪದವೀಧರರು ಕೇಂಬ್ರಿಜ್‌ಗೆ ಹೋಗಿ ಬರುವಂತಾಯಿತು. ಸವಣೂರಿನ ವಿ.ಕೃ. ಗೋಕಾಕರು ಇದೇ ಧಾರವಾಡದಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋದರು. ಹುಬ್ಬಳ್ಳಿಯ ಗುರುರಾಜ ದೇಶಪಾಂಡೆಯವರು ಮದ್ರಾಸ್ ಐಐಟಿ ಮುಗಿಸಿ, ಕೆನಡಾದಲ್ಲಿ ಪಿಎಚ್‌ಡಿ ಮಾಡಿ, ಅಮೇರಿಕಾದಲ್ಲಿ ಉದ್ಯಮ ಕಟ್ಟಿ, ಆಮೇಲೆ ಹುಬ್ಬಳ್ಳಿಯಲ್ಲಿ ಪ್ರತಿಷ್ಠಾನದ ಕೆಲಸ ಆರಂಭಿಸಿದರು. ಹೋದವರಿಂದ ಊರಿಗೆ ಲುಕ್ಸಾನು ಎಂಬ ಮಾತು ಖರೆ ಅಲ್ಲ.

ಆದರೆ ಬುದ್ಧಿಯೊಂದರಿಂದಲೇ ಓದು ಸಾಗುವುದಿಲ್ಲ. ಡಾ. ಬಾಬಾಸಾಹೇಬ ಅಂಬೇಡ್ಕರರ ಉದಾಹರಣೆ ತೆಗೆದುಕೊಳ್ಳೋಣ. 1913ರಲ್ಲಿ ಬಡೋದೆಯ ಮಹಾರಾಜ ಸಯಾಜಿರಾವ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟದ್ದರಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ವೇತನದ ಮುದ್ದತು ಮುಗಿದಾಗ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಮುಂಬಯಿಯಲ್ಲಿ ಪ್ರಾಧ್ಯಾಪಕರಾಗಿ ದುಡಿದು, ಕಾಸು ಉಳಿಸಿ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು ಮತ್ತು ಗೆಳೆಯರೊಬ್ಬರ ಸಾಲ ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೋಗಿ ಓದು ಮುಗಿಸಿದರು. ಅಂಥ ಮೇಧಾವಿಗೇ ದುಡ್ಡು ನಡುವೆ ಅಡ್ಡ ಬಂತು ಅಂದಮೇಲೆ, ಮೊದಲ ವರ್ಷದ ಫೀ ಮಾತ್ರ ಕೈಯಲ್ಲಿಟ್ಟುಕೊಂಡು "ಮುಂದಿಂದು ಮುಂದ ನೋಡೂಣು" ಎಂದು ಮಕ್ಕಳನ್ನು ವಿಮಾನ ಹತ್ತಿಸುವುದು ಸರಿಯಲ್ಲ.

ಈಗ ದಾರಿಗಳನ್ನು ನೋಡೋಣ. ಎಲ್ಲಕ್ಕೂ ಮೊದಲು ನೋಡಬೇಕಾದದ್ದು ಬೇರೆಯವರು ಖರ್ಚು ಹಾಕುವ ಓದು. ಅಮೇರಿಕಾದಲ್ಲಿ ವಿಜ್ಞಾನ, ಇಂಜಿನಿಯರಿಂಗ್ ವಿಷಯಗಳ ಪಿಎಚ್‌ಡಿಗೆ ಸೇರಿದವರಿಗೆ ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ಫೀ ಬಿಟ್ಟು, ಕಲಿಸುವ ಅಥವಾ ಸಂಶೋಧನೆಯ ಕೆಲಸಕ್ಕೆ ತಿಂಗಳ ಸಂಬಳ ಕೊಡುತ್ತದೆ. ಆದರೆ ಎಂ.ಎಸ್. ಓದುವವರಲ್ಲಿ ಹೆಚ್ಚಿನವರು ಕೈಯಿಂದ ಕಟ್ಟಬೇಕು. ನಮ್ಮ ಹುಡುಗರು ಬಹಳ ಮಂದಿ ಹೋಗುವುದು ಈ ಎಂ.ಎಸ್.ಗೇ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಒಂದು ವರ್ಷದ ಊಟ, ವಸತಿಗೆಂದು ಅಲ್ಲಿನ ಖಾತೆಯಲ್ಲಿ ಮೊದಲೇ ಹಣ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು, ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷದ ಮೇಲೆ. ಆ ಹಣ ನಿಮ್ಮದೇ, ತಿಂಗಳಾ ಇಷ್ಟಿಷ್ಟು ಎಂದು ಹುಡುಗನ ಕೈಗೆ ಬರುತ್ತದೆ. ಇವಲ್ಲದೆ ಬ್ರಿಟನ್ನಿನ ಕಾಮನ್‌ವೆಲ್ತ್ ಮತ್ತು ಚೀವನಿಂಗ್, ಜರ್ಮನಿಯ ಡಾಡ್, ಯುರೋಪಿನ ಇರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಗಳಿವೆ. ಸ್ಪರ್ಧೆ ಬಿರುಸು, ಆದರೆ ಅರ್ಜಿಯನ್ನೇ ಹಾಕದವರಿಗೆ ಅವು ಎಂದೂ ಸಿಗುವುದಿಲ್ಲ.

ಎರಡನೆಯದು ಸರಕಾರದ ನೆರವು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಫೀ, ಊಟ-ವಸತಿ, ವಿಮಾನ ಖರ್ಚು ಎಲ್ಲ ಅದರಲ್ಲಿ ಬರುತ್ತದೆ. ಅದರ ನಿಯಮದಂತೆ ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು, ಹಿಂದಿನ ಪದವಿಯಲ್ಲಿ ಶೇಕಡಾ 60 ಅಂಕ ಬೇಕು, ವಯಸ್ಸು 35 ದಾಟಿರಬಾರದು. ಇಡೀ ದೇಶಕ್ಕೆ ಇರುವುದು 125 ಸ್ಥಾನ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಮಂತ್ರಾಲಯದ ಬೇರೆ ಯೋಜನೆ ಇದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಇಲಾಖೆ, ನಿಗಮಗಳೂ ವೇತನ ಇಲ್ಲವೆ ಕಡಿಮೆ ಬಡ್ಡಿಯ ಸಾಲದ ಯೋಜನೆ ಮಾಡಿವೆ. ಇವುಗಳ ನಿಯಮ ವರ್ಷಾ ಬದಲಾಗುತ್ತವೆ. ಆದ್ದರಿಂದ ಕಟ್ಟೆಯ ಮೇಲಿನ ಸುದ್ದಿ ನಂಬದೆ, ಇಲಾಖೆಯ ಕಚೇರಿಗೇ ಹೋಗಿ ಆ ವರ್ಷದ ಪ್ರಕಟಣೆ ಓದಿಸಿಕೊಳ್ಳಿ. ಜಾತಿ-ಆದಾಯ ಪ್ರಮಾಣಪತ್ರ ತೆಗೆಸದೆ ಕೂತು ತಾರೀಖು ತಪ್ಪಿಸಿಕೊಳ್ಳಬೇಡಿ.

ಮೂರನೆಯದು ಬ್ಯಾಂಕ್ ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಇಡಬೇಕಿಲ್ಲ. 2015ರಿಂದ ಅದಕ್ಕೆ ಕೇಂದ್ರದ ಖಾತ್ರಿ ನಿಧಿಯ ಬೆಂಬಲ ಇದೆ. ಅದಕ್ಕೂ ಹೆಚ್ಚಾದರೆ ಅಡವು ಕೇಳುತ್ತಾರೆ. ಪರದೇಶದ ಓದಾದರೆ ಒಟ್ಟು ಖರ್ಚಿನ ಶೇಕಡಾ 15ನ್ನು ಮನೆಯವರು ಹಾಕಬೇಕು. ಓದು ಮುಗಿದ ಮೇಲೆ ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ಪರದೇಶಕ್ಕೆ ಹೋಗುವವರಿಗೆ ಅಲ್ಲ. ಹೆಸರು ಕೇಳಿ ಮೋಸ ಹೋಗಬಾರದು.

ಈಗ ಒಂದು ಲೆಕ್ಕ ಹಾಕೋಣ. 20 ಲಕ್ಷ ಸಾಲ, ಬಡ್ಡಿ ನೂರಕ್ಕೆ ವರ್ಷಕ್ಕೆ 10 ಎಂದು ಹಿಡಿಯಿರಿ. ಎರಡು ವರ್ಷದ ಓದು, ಮೇಲೆ ಒಂದು ವರ್ಷ ಬಿಡುವು. ಪೂರ್ತಿ ಹಣ ಮೊದಲೇ ಎತ್ತಿದರೆ ಮೂರು ವರ್ಷಕ್ಕೆ ಸರಳ ಬಡ್ಡಿಯೇ 6 ಲಕ್ಷ. ಅಂದರೆ ಕಂತು ಶುರುವಾಗುವಾಗ ಸಾಲ 26 ಲಕ್ಷ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 34 ಸಾವಿರ, ಒಟ್ಟು ಕಟ್ಟುವುದು 41 ಲಕ್ಷದ ಮೇಲೆ. ಹುಡುಗನಿಗೆ ಅಲ್ಲಿ ನೌಕರಿ ಹತ್ತಿದರೆ ಇದು ಭಾರವಲ್ಲ. ನೌಕರಿ ಹತ್ತದೆ ತಿರುಗಿ ಬಂದರೆ? ಇಲ್ಲಿ ಸಿಗುವ ಮೊದಲ ಪಗಾರದಲ್ಲಿ 34 ಸಾವಿರ ಕಂತು ಕಟ್ಟಿ ಉಳಿಯುವುದೆಷ್ಟು? ಈ ಎರಡನೆಯ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡವರು ಮಾತ್ರ ಸಾಲಕ್ಕೆ ಸಹಿ ಮಾಡಬೇಕು. ಸಾಲ ರೂಪಾಯಿಯಲ್ಲಿ, ಫೀ ಡಾಲರಿನಲ್ಲಿ ಎಂಬುದನ್ನೂ ಮರೆಯಬೇಡಿ. 1991ರ ಸುಮಾರಿಗೆ ಇಪ್ಪತ್ತೈದು ರೂಪಾಯಿಯ ಒಳಗಿದ್ದ ಡಾಲರು 2025ರಲ್ಲಿ 85 ರೂಪಾಯಿ ದಾಟಿತ್ತು. ಇನ್ನೊಂದು ಮಾತು, ಈ ಸಾಲಕ್ಕೆ ತಂದೆ-ತಾಯಿಯರೂ ಸಾಲಗಾರರೇ. ಮಗ ಕಂತು ತಪ್ಪಿಸಿದರೆ ಬ್ಯಾಂಕಿನ ನೋಟೀಸು ಅಪ್ಪನ ಹೆಸರಿಗೂ ಬರುತ್ತದೆ. ಮುಂದಿನ ಸಾಲಗಳಿಗೂ ತೊಡಕಾಗುತ್ತದೆ.

ಹೊಲದ ಮಾತಿಗೆ ಬರೋಣ. 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕುಗಳು ಅಡವಿನ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಕ್ಕೆ ತೆಗೆದುಕೊಳ್ಳಬಹುದು, ಆದರೆ ಕೃಷಿ ಭೂಮಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದಲೇ ಬಹಳ ಬ್ಯಾಂಕುಗಳು ದೊಡ್ಡ ಶಿಕ್ಷಣ ಸಾಲಕ್ಕೆ ಹೊಲ ಒಪ್ಪದೆ, ಮನೆ, ಎನ್.ಎ. ಪ್ಲಾಟು ಇಲ್ಲವೆ ಠೇವು ಕೇಳುತ್ತವೆ. ಆಗ ರೈತ ಏನು ಮಾಡುತ್ತಾನೆ? ಖಾಸಗಿ ಸಾಹುಕಾರನ ಹತ್ತಿರ ನೂರಕ್ಕೆ ತಿಂಗಳಿಗೆ ಮೂರರಂತೆ ತರುತ್ತಾನೆ. ಅದು ವರ್ಷಕ್ಕೆ 36. ಇಲ್ಲವೆ ಅವಸರದಲ್ಲಿ ಬಂದ ಬೆಲೆಗೆ ಹೊಲ ಕೊಡುತ್ತಾನೆ. ಮತ್ತೆ ಕೆಲವರು ಬೆಳೆಸಾಲವನ್ನೇ ಫೀಗೆ ಹಾಕಿ, ಬಿತ್ತುವ ಹೊತ್ತಿಗೆ ಬೀಜ-ಗೊಬ್ಬರಕ್ಕೆ ಕೈ ಚಾಚುತ್ತಾರೆ. ಈ ಮೂರೂ ದಾರಿ ಬೇಡ. ಹೊಲ ಮಾರಿದರೆ ಓದುವ ಒಬ್ಬ ಮಗನದಷ್ಟೇ ಅಲ್ಲ, ಊರಲ್ಲುಳಿದ ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲೂ ಹೋಗುತ್ತದೆ. ಮನೆಯವರೆಲ್ಲ ಕೂತು ಒಪ್ಪದ ಹೊರತು ಆ ಮಾತು ಎತ್ತಬಾರದು.

ಏಜೆಂಟರ ಬಗ್ಗೆ ಎರಡು ಮಾತು. ಬಹಳ ಏಜೆಂಟರಿಗೆ ಕಾಲೇಜಿನಿಂದ ಕಮಿಶನ್ ಇರುತ್ತದೆ. ಅವರು ತೋರಿಸುವುದು ಕಮಿಶನ್ ಇರುವ ಕಾಲೇಜು; ನಿಮ್ಮ ಮಗುವಿಗೆ ಯೋಗ್ಯವಾದದ್ದೇ ಆಗಬೇಕಿಲ್ಲ. 2023ರಲ್ಲಿ ಕೆನಡಾದಲ್ಲಿ ನಮ್ಮ ದೇಶದ ಬಹಳ ವಿದ್ಯಾರ್ಥಿಗಳು, ಏಜೆಂಟರು ಕೊಟ್ಟ ಪ್ರವೇಶಪತ್ರ ಖೊಟ್ಟಿ ಎಂದು ತಿಳಿದು ಸಂಕಟಕ್ಕೆ ಸಿಕ್ಕರು. ಪ್ರವೇಶಪತ್ರ ಬಂದಾಗ ಹುಡುಗನೇ ವಿಶ್ವವಿದ್ಯಾಲಯಕ್ಕೆ ನೇರವಾಗಿ ಬರೆದು ಖಾತ್ರಿ ಮಾಡಿಕೊಳ್ಳಲಿ. ವೈದ್ಯಕೀಯ ಓದಿನಲ್ಲಂತೂ ಇನ್ನೂ ಎಚ್ಚರ ಬೇಕು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನೆರೆಯ ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಯುದ್ಧಕ್ಕೆ ಬಲಿಯಾದುದನ್ನು ನಾವು ಯಾರೂ ಮರೆತಿಲ್ಲ. ಇಲ್ಲಿ ಖಾಸಗಿ ಸೀಟಿನ ಬೆಲೆ ಕೈಗೆಟುಕದೆ ಮಕ್ಕಳು ಅಷ್ಟು ದೂರ ಹೋಗುತ್ತಾರೆ. ಹೋಗುವವರು ತಿಳಿದಿರಬೇಕು: ನೀಟ್ ಪಾಸಾಗಿರಬೇಕು, 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳು, ಇಂಗ್ಲಿಷ್ ಮಾಧ್ಯಮ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇರಬೇಕು. ಇಷ್ಟಾದ ಮೇಲೂ ಇಲ್ಲಿ ಬಂದು ಪರೀಕ್ಷೆ ಪಾಸು ಮಾಡದೆ ವೃತ್ತಿ ಮಾಡಲಾಗದು.

ಪರದೇಶವೊಂದೇ ದೊಡ್ಡ ಓದು ಎಂಬ ಭ್ರಮೆಯೂ ಬೇಡ. ನಮ್ಮ ಮನೆಬಾಗಿಲಲ್ಲೇ 1986ರಿಂದ ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿ ಇವೆ. ಐಐಟಿಗಳ ಬಿ.ಟೆಕ್.ನಲ್ಲಿ ಮನೆಯ ಆದಾಯ ವರ್ಷಕ್ಕೆ 1 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, 5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮಾಫಿ. ಗೇಟ್ ಪಾಸಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವೇತನ ಸಿಗುತ್ತದೆ. ಇಲ್ಲಿ ಚೆನ್ನಾಗಿ ಓದಿ, ಆಮೇಲೆ ಪಿಎಚ್‌ಡಿಗೆ ಹೊರಗೆ ಹೋದರೆ ಖರ್ಚಿನ ಭಾರ ಮನೆಯ ಮೇಲೆ ಬೀಳುವುದು ಬಹಳ ಕಡಿಮೆ.

ಕಡೆಯದಾಗಿ, ನಮ್ಮ ಸಂಘ ಏನು ಮಾಡಬಹುದು? ಇಪ್ಪತ್ತು ಲಕ್ಷ ಸಾಲ ಕೊಡುವ ಶಕ್ತಿ ಹಳ್ಳಿಯ ಸಂಘಕ್ಕಿಲ್ಲ, ಕೊಡುವುದೂ ಸಲ್ಲ. ಆದರೆ ಬ್ಯಾಂಕು ಸಾಲ ಕೊಡುವ ಮೊದಲೇ ಒಂದು ಖರ್ಚಿದೆ: ಪಾಸ್‌ಪೋರ್ಟು, ಇಂಗ್ಲಿಷ್ ಪರೀಕ್ಷೆಯ ಫೀ, ಅರ್ಜಿಯ ಫೀ, ವೀಸಾ ಫೀ. ಈ ನಲವತ್ತು-ಐವತ್ತು ಸಾವಿರ ಇಲ್ಲದೆಯೇ ಬಡವರ ಜಾಣ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೊಸ್ತಿಲಲ್ಲೇ ನಿಲ್ಲುತ್ತಾರೆ. ಜಮಶೇಟ್‌ಜಿ ಟಾಟಾ ಅವರು 1892ರಲ್ಲೇ ಇಂಥ ಮಕ್ಕಳಿಗಾಗಿ ಸಾಲರೂಪದ ವಿದ್ಯಾರ್ಥಿವೇತನದ ನಿಧಿ ಇಟ್ಟರು. ವಿಜ್ಞಾನಿ ರಾಜಾ ರಾಮಣ್ಣ, ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಅದರಿಂದ ಓದಿದವರು. ನಮ್ಮ ಕಡೆಯ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ಅವರಷ್ಟು ನಮ್ಮ ಕೈಲಾಗದು. ಆದರೆ ಕಾಯ್ದೆ ಮತ್ತು ಬೈಲಾ ಒಪ್ಪುವ ಮಿತಿಯಲ್ಲಿ, ಲಾಭದ ಒಂದು ಸಣ್ಣ ಪಾಲನ್ನು ವಿದ್ಯಾನಿಧಿ ಎಂದು ತೆಗೆದಿಡಲು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಠರಾವು ಮಾಡಬಹುದು. ಬಡ್ಡಿ ಇಲ್ಲದ ಕೈಸಾಲ. ನೌಕರಿ ಹತ್ತಿದ ಮೇಲೆ ತಿರುಗಿ ಕಟ್ಟಿದರೆ ಅದೇ ಹಣ ಮುಂದಿನ ಹುಡುಗಿಗೆ, ಹುಡುಗನಿಗೆ. ತಿಂಗಳಿಗೊಮ್ಮೆ ಸಂಘದ ಕಚೇರಿಯಲ್ಲಿ, ತಿಳಿದವರೊಬ್ಬರು ಕೂತು ಪಾಲಕರಿಗೆ ಮೇಲೆ ಹೇಳಿದ ಲೆಕ್ಕ ಹಾಕಿ ತೋರಿಸಲಿ. ಇದಕ್ಕೆ ಖರ್ಚೇ ಇಲ್ಲ.

1905ರಲ್ಲಿ ನಮ್ಮ ಹಳೆಯ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದು, ರೈತನ ಹೊಲ ಸಾಹುಕಾರನ ಪಾಲಾಗದಿರಲಿ ಎಂದು. ಅಂದು ಬೀಜಕ್ಕೆ, ಎತ್ತಿಗೆ ಇದ್ದ ಸಾಲದ ಅಂಜಿಕೆ ಇಂದು ಮಕ್ಕಳ ಫೀಗೆ ಬಂದಿದೆ. ಕೆಲಸ ಅದೇ. ವಿದ್ಯಾರ್ಥಿ ಮಿತ್ರರೇ, ನೀವೂ ಒಂದು ಮಾತು ನೆನಪಿಡಿ: ಮನೆಯಲ್ಲಿ "ನಾನು ಹೊಕ್ಕೇನಿ" ಅನ್ನುವ ಮೊದಲು ಖರ್ಚು, ಸಾಲ, ಕಂತಿನ ಲೆಕ್ಕ ನೀವೇ ಬರೆದು ಅಪ್ಪ-ಅವ್ವನ ಮುಂದೆ ಇಡಿ.

ಸಂಘ ಬಂಗಾರದ ಹಬ್ಬ ಕಾಣುವ ಹೊತ್ತಿಗೆ ಈ ಊರಿನ ಮಕ್ಕಳು ಎಲ್ಲೆಲ್ಲಿಯೋ ಕಲಿತು ಬಂದಿರಲಿ, ಊರಿನ ಹೊಲಗಳೂ ಊರಿನವರ ಹೆಸರಿನಲ್ಲೇ ಇರಲಿ ಎಂದು ಹಾರೈಸುತ್ತೇವೆ.