ಕರಾರುಪತ್ರದ ದಾಸ

ಜನ್ನನ ‘ಯಶೋಧರ ಚರಿತೆ’ಯನ್ನು ಓದಿದವರಾರೂ ಆ ಒಂದು ಇರುಳನ್ನು ಮರೆಯಲಾರರು. ಮಾವುತನ ಹಾಡಿಗೆ ಮನಸೋತ ರಾಣಿ ಅಮೃತಮತಿ ತಡವಾಗಿ ಬಂದಳೆಂದು ಆತ ಅವಳನ್ನು ಹೊಡೆಯುತ್ತಾನೆ. ಆಕೆ ಮುನಿಯುವುದಿಲ್ಲ, ಬೇಡಿಕೊಳ್ಳುತ್ತಾಳೆ. 1209ರ ಈ ಕಾವ್ಯವನ್ನು ಪಾಠ ಹೇಳುವಾಗ ನಾವು ಅಧ್ಯಾಪಕರು ಈ ಭಾಗವನ್ನು ಅವಸರದಿಂದ ದಾಟಿ ಹಿಟ್ಟಿನ ಕೋಳಿಯ ಪ್ರಸಂಗಕ್ಕೆ ಹೋಗಿಬಿಡುತ್ತೇವೆ. ಆದರೆ ಅಲ್ಲಿ ನಿಂತು ಕೇಳಬೇಕಾದ ಪ್ರಶ್ನೆಯೊಂದಿದೆ. ರಾಣಿಯ ಒಂದು ಮಾತಿಗೆ ಆ ಮಾವುತನ ತಲೆ ಉರುಳಬಹುದಿತ್ತು. ಹಾಗಿರುವಾಗ ಆ ಕತ್ತಲೆಯಲ್ಲಿ ಅಧಿಕಾರ ಯಾರದು?

ಪ್ರಣಯದಲ್ಲಿ ಒಬ್ಬರು ಆಳುವುದು, ಇನ್ನೊಬ್ಬರು ಬೇಕೆಂದೇ ಆಳಾಗುವುದು ಯೂರೋಪಿನ ಶೃಂಗಾರ ಕಾದಂಬರಿಗಳ ಒಂದು ಪರಂಪರೆಗೇ ವಸ್ತುವಾಗಿದೆ. ಅವುಗಳಲ್ಲಿ ತುಂಬ ಹೆಸರಾದದ್ದು 1870ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ, ಇಂಗ್ಲಿಷಿನಲ್ಲಿ ‘ವೀನಸ್ ಇನ್ ಫರ್ಸ್’ ಎಂದು ಪರಿಚಿತವಾದ ಕಾದಂಬರಿ. ಬರೆದವನು ಲಿಯೋಪೋಲ್ಡ್ ಫಾನ್ ಸಾಹರ್-ಮಾಸೋಕ್. ಹುಟ್ಟಿದ್ದು 1836ರಲ್ಲಿ, ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಲೆಂಬರ್ಗ್ ನಗರದಲ್ಲಿ. ಅದು ಈಗಿನ ಉಕ್ರೇನಿನ ಲ್ವಿವ್. ನೋವಿನಲ್ಲಿ ಸುಖ ಕಾಣುವ ಪ್ರವೃತ್ತಿಗೆ ಮನೋವೈದ್ಯರು ಇವನ ಹೆಸರಿನಿಂದಲೇ ‘ಮ್ಯಾಸೋಕಿಸಂ’ ಎಂಬ ಪದವನ್ನು ಕಟ್ಟಿದರು. ಪದ ಬದುಕಿತು, ಕಾದಂಬರಿಯನ್ನು ಓದುವವರು ಕಡಿಮೆಯಾದರು.

ಕಥೆ ಸರಳ. ಸೆವೆರಿನ್ ಎಂಬ ಜಮೀನ್ದಾರ ವಾಂಡಾ ಎಂಬ ತರುಣ ವಿಧವೆಯನ್ನು ಪ್ರೀತಿಸಿ, ತನ್ನನ್ನು ದಾಸನನ್ನಾಗಿ ಮಾಡಿಕೊಳ್ಳೆಂದು ಕಾಡುತ್ತಾನೆ. ಅವಳಿಗೆ ಇದು ಮೊದಮೊದಲು ಹಿಡಿಸುವುದಿಲ್ಲ. ಇದರ ರುಚಿ ಹತ್ತಿದರೆ ತಾನು ಏನಾದೇನೋ ಎಂಬ ಅಂಜಿಕೆಯೂ ಅವಳಿಗಿದೆ. ಅವನು ಬಿಡುವುದಿಲ್ಲ. ಆಳಿನ ವೇಷ ತೊಟ್ಟು, ಗ್ರೆಗರ್ ಎಂಬ ಹೆಸರಿಟ್ಟುಕೊಂಡು ಅವಳ ಹಿಂದೆ ಫ್ಲಾರೆನ್ಸಿಗೆ ಹೋಗುತ್ತಾನೆ. ಅಲ್ಲಿ ದಾಸ್ಯದ ಕರಾರುಪತ್ರಕ್ಕೆ ಸಹಿಯಾಗುತ್ತದೆ. ಅದರ ಜೊತೆಗೆ ಇನ್ನೊಂದು ಕಾಗದ: ತನ್ನ ಸಾವಿಗೆ ತಾನೇ ಹೊಣೆಯೆಂದು ಅವನ ಕೈಬರಹದಲ್ಲೇ ಇರುವ ಪತ್ರ. ಅಂದರೆ ಅವಳು ಅವನನ್ನು ಕೊಂದರೂ ಕೇಳುವವರಿಲ್ಲ. ವಿಶ್ವಾಸಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ ಎಂದು ಮೇಲುನೋಟಕ್ಕೆ ಅನಿಸಬಹುದು.

ಆದರೆ ಲೇಖಕನ ಜೀವನದಲ್ಲಿ ಇಂಥದೇ ಒಂದು ಕಾಗದವಿತ್ತು. 1869ರ ಡಿಸೆಂಬರಿನಲ್ಲಿ ಫ್ಯಾನಿ ಪಿಸ್ಟೋರ್ ಎಂಬ ಮಹಿಳೆಯೊಡನೆ ಆರು ತಿಂಗಳ ಅವಧಿಗೆ ಅವನು ಮಾಡಿಕೊಂಡ ಒಪ್ಪಂದ ಅದು. ಅದನ್ನು ಓದುವಾಗ ನನಗೆ ನಗು ತಡೆಯಲಾಗಲಿಲ್ಲ. ದಾಸನು ಎಲ್ಲಕ್ಕೂ ತಲೆಬಾಗಬೇಕು, ನಿಜ. ಆದರೆ ದಿನಕ್ಕೆ ಆರು ಗಂಟೆ ಅವನ ಬರವಣಿಗೆಗೆ ಮೀಸಲು. ಅವನ ಕಾಗದಪತ್ರಗಳನ್ನು ಒಡತಿ ನೋಡಕೂಡದು. ಅವಳು ಸಾಧ್ಯವಾದಷ್ಟೂ ತುಪ್ಪಳದಂಗಿಯನ್ನೇ ತೊಡಬೇಕು, ಅದರಲ್ಲಿಯೂ ಕ್ರೂರಳಾಗಿ ವರ್ತಿಸುವಾಗ! ಯಾವ ಒಡತಿ ಇಂಥ ಷರತ್ತುಗಳನ್ನು ಬರೆದಾಳು? ಮಂಡಿಯೂರಿ ಕುಳಿತವನೇ ಇಲ್ಲಿ ನಾಟಕದ ಸೂತ್ರಧಾರ. ಚಾವಟಿ ಅವಳ ಕೈಯಲ್ಲಿದೆ, ಲೇಖನಿ ಅವನ ಕೈಯಲ್ಲಿದೆ.

ಆ ಆರು ತಿಂಗಳ ಒಪ್ಪಂದ ಇಬ್ಬರು ಬಲ್ಲವರ ಆಟವೆಂದು ಬಿಟ್ಟುಬಿಡಬಹುದು. ಬಿಡಲಾಗದ ಸಂಗತಿ ಮುಂದಿನದು. 1873ರಲ್ಲಿ ಅವನು ಆರೋರಾ ರ್‍ಯೂಮೆಲಿನ್ ಎಂಬ ಬಡ ಹೆಣ್ಣುಮಗಳನ್ನು ಮದುವೆಯಾದ. ಆಕೆ ಕಾದಂಬರಿಯ ನಾಯಕಿಯ ಹೆಸರನ್ನೇ ಇಟ್ಟುಕೊಂಡು ವಾಂಡಾ ಆದಳು. ಅವನು ತೀರಿಕೊಂಡ ಮೇಲೆ, 1906ರಲ್ಲಿ, ಅವಳ ಆತ್ಮಕಥೆ ಹೊರಬಂದಿತು. ಒಂದು ಪಕ್ಷದ ಸಾಕ್ಷ್ಯವೆಂಬುದನ್ನು ಮರೆಯದೆ ಅದನ್ನು ಓದಬೇಕು. ಆದರೂ ಅದರಲ್ಲಿ ಮನಸ್ಸನ್ನು ಕಲಕುವ ಚಿತ್ರವಿದೆ. ಅವಳಿಗೆ ಚಾವಟಿ ಹಿಡಿಯುವ ಮನಸ್ಸಿಲ್ಲ, ಗಂಡ ಹಿಡಿಸುತ್ತಾನೆ. ಪರಪುರುಷನನ್ನು ಹುಡುಕಿಕೊಳ್ಳುವ ಮನಸ್ಸಿಲ್ಲ; ಗಂಡ ಒತ್ತಾಯಿಸುತ್ತಾನೆ. ಮಕ್ಕಳಿದ್ದಾರೆ, ಸಂಸಾರ ನಡೆಯಬೇಕು. ಇಲ್ಲವೆಂದರೆ ಎಲ್ಲಿಗೆ ಹೋಗುವುದು? ಹೊಡೆಯುವವಳು ಅವಳು, ಆಜ್ಞೆ ಅವನದು.

ನನ್ನ ಮಟ್ಟಿಗೆ, ಈ ಬಗೆಯ ಕಾದಂಬರಿಗಳನ್ನು ಅಳೆಯಬೇಕಾದದ್ದು ಅವುಗಳಲ್ಲಿ ಎಷ್ಟು ಅಶ್ಲೀಲವಿದೆ ಎಂಬುದರಿಂದಲ್ಲ. ಆ ವಿಚಾರದಲ್ಲಿ ನಮ್ಮ ವಿಮರ್ಶಕರು ಬೇಕಾದಷ್ಟು ಕಾಲ ಕಳೆದಿದ್ದಾರೆ. ‘ಸಾಕು’ ಎಂದವರಿಗೆ ತೆರಬೇಕಾದ ಬೆಲೆ ಏನೆಂಬುದನ್ನು ಲೇಖಕ ಕಂಡಿದ್ದಾನೆಯೇ, ಇಲ್ಲವೇ? ನಾನು ಹುಡುಕುವುದು ಅದನ್ನು. 2011ರಲ್ಲಿ ಬಂದು ಲೋಕವೆಲ್ಲ ಓದಿದ ಇ. ಎಲ್. ಜೇಮ್ಸ್ ಅವರ ‘ಫಿಫ್ಟಿ ಷೇಡ್ಸ್ ಆಫ್ ಗ್ರೇ’ಯಲ್ಲಿಯೂ ಉದ್ದನೆಯ ಕರಾರುಪತ್ರವಿದೆ, ನಿಲ್ಲಿಸೆಂದು ಸೂಚಿಸುವ ಗುಟ್ಟಿನ ಮಾತೂ ಇದೆ. ಬರಹದ ಸೊಗಸನ್ನು ಅಲ್ಲಿ ಹುಡುಕುವುದು ಬೇಡ. ನಾಯಕಿ ಆ ಪತ್ರಕ್ಕೆ ಸಹಿ ಹಾಕದೆ, ಪೆಟ್ಟು ಮಿತಿಮೀರಿದಾಗ ಎದ್ದು ಹೊರಟುಹೋಗುತ್ತಾಳೆ. ಪುಸ್ತಕದ ಜೀವಂತ ಗಳಿಗೆ ಅದು. ಆದರೆ ಮುಂದಿನ ಭಾಗದಲ್ಲಿ ಆ ಸಿರಿವಂತ ಅವಳು ಕೆಲಸ ಮಾಡುವ ಪ್ರಕಾಶನ ಸಂಸ್ಥೆಯನ್ನೇ ಕೊಂಡುಕೊಳ್ಳುತ್ತಾನೆ. ಲೇಖಕಿ ಅದನ್ನು ಒಲವಿನ ಲಕ್ಷಣವೆಂಬಂತೆ ಹೇಳಿಕೊಂಡು ಹೋಗುವಾಗ ನನಗೆ ಚಾವಟಿಗಿಂತ ಆ ಕ್ರಯವೇ ಹೆಚ್ಚು ಭಯ ಹುಟ್ಟಿಸಿತು.

ಸಾಹರ್-ಮಾಸೋಕನಿಗೆ ತನ್ನ ಮನೆಯಲ್ಲಿ ಕಾಣದೆ ಹೋದದ್ದು ಬರಹದಲ್ಲಿ ಕಂಡಿತ್ತು. ಕಾದಂಬರಿಯ ಕೊನೆಯಲ್ಲಿ ವಾಂಡಾ ಬೇರೊಬ್ಬ ಪ್ರಿಯಕರನ ಕೈಯಿಂದ ಸೆವೆರಿನನನ್ನು ಹೊಡೆಸಿ ಬಿಟ್ಟುಹೋಗುತ್ತಾಳೆ. ಹೆಣ್ಣಿಗೆ ಸಮಾನ ಹಕ್ಕು, ಶಿಕ್ಷಣ, ದುಡಿಮೆ ದೊರೆಯುವ ತನಕ ಅವಳು ಗಂಡಿನ ಸಂಗಾತಿಯಾಗಲಾರಳೆಂದು ಅವನು ತೀರ್ಮಾನಿಸುತ್ತಾನೆ. ಮಾತು ಘನವಾದದ್ದೇ. ಆದರೆ ಕಾದಂಬರಿಯ ಮೊದಲ ಪುಟಗಳಿಗೆ ಮತ್ತೆ ಹೋಗಿ ನೋಡಿ. ಇದೆಲ್ಲ ಮುಗಿದು ವರ್ಷಗಳು ಕಳೆದಿವೆ. ಸೆವೆರಿನ್ ಗೆಳೆಯನೊಡನೆ ಚಹಾಕ್ಕೆ ಕುಳಿತಿದ್ದಾನೆ. ಕಪ್ಪು ರೇಷ್ಮೆಯ ಉಡುಪಿನ ತರುಣಿಯೊಬ್ಬಳು ಮೊಟ್ಟೆಗಳನ್ನು ತಂದಿಡುತ್ತಾಳೆ. ಅವು ಅವನಿಗೆ ಬೇಕಾದಷ್ಟು ಮೆತ್ತಗೆ ಬೆಂದಿಲ್ಲ. ಅವನು ಗೋಡೆಯ ಮೇಲಿನ ಚಾವಟಿಗೆ ಕೈ ಹಾಕುತ್ತಾನೆ. ಅವಳು ಹೆದರಿದ ಜಿಂಕೆಯಂತೆ ಓಡಿಹೋಗುತ್ತಾಳೆ. ಅವಳು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.