ಶ್ಯೂರಿಟಿಗೆ ಯಾರು ಬರುತ್ತಾರೆ?



ನಮ್ಮ ದೇಶದ ಜೈಲುಗಳಲ್ಲಿ ನೂರು ಕೈದಿಗಳಿದ್ದರೆ ಅವರಲ್ಲಿ ಹೆಂಗಸರು ನಾಲ್ಕೇ ಮಂದಿ. ಸರ್ಕಾರಿ ಲೆಕ್ಕದ ಪ್ರಕಾರ 2022ರ ಕೊನೆಗೆ 5,73,000ಕ್ಕೂ ಹೆಚ್ಚು ಕೈದಿಗಳಿದ್ದರು, ಮಹಿಳೆಯರು ಸುಮಾರು 23,800. ಕಡಿಮೆ ಇದ್ದಾರಲ್ಲ, ಒಳ್ಳೆಯದೇ ಆಯಿತು ಅನ್ನಿಸಬಹುದು. ಆದರೆ ಒಳಗಿರುವವರಿಗೆ ಈ ಕಡಿಮೆ ಸಂಖ್ಯೆಯೇ ಕುತ್ತು. ಅವರಿಗೆಂದೇ ಇರುವ ಜೈಲುಗಳು ಇಡೀ ದೇಶದಲ್ಲಿ ಮೂವತ್ತನ್ನು ದಾಟಿದ್ದರೆ ಹೆಚ್ಚು. ಉಳಿದ ಕಡೆ ಗಂಡಸರ ಜೈಲಿನದೇ ಒಂದು ಮೂಲೆಗೆ ಗೋಡೆ ಹಾಕಿ ಮಹಿಳಾ ಬ್ಯಾರಕ್ ಅನ್ನುತ್ತಾರೆ. ಹೆಂಗಸರು ಗಂಡಸರ ಕಣ್ಣಿಗೆ ಬೀಳಬಾರದು, ಮಾತಿಗೆ ಸಿಗಬಾರದು ಎಂದು 1894ರ ಬಂದೀಖಾನೆ ಕಾಯ್ದೆ ಹೇಳಿತ್ತು. ಹಾಗೆ ಬೇರೆ ಇಟ್ಟಾಗ ಆಸ್ಪತ್ರೆ, ಗ್ರಂಥಾಲಯ, ಕೂಲಿ ಸಿಗುವ ಮಗ್ಗ, ಮರಗೆಲಸದ ಶೆಡ್ಡು ಎಲ್ಲ ಸಾಮಾನ್ಯವಾಗಿ ಗೋಡೆಯ ಆ ಕಡೆಗೇ ಉಳಿಯುತ್ತವೆ.

ಜೈಲಿನೊಳಗೆ ಕಾಯಿಲೆಯಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ‘ಸಂಸ್ಕಾರ’ ಚಿತ್ರದ ಚಂದ್ರಿ, ಅಂದರೆ ನಟಿ ಸ್ನೇಹಲತಾ ರೆಡ್ಡಿ, ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದರು. ಈಗ ಅಲ್ಲಿ ಫ್ರೀಡಂ ಪಾರ್ಕ್ ಇದೆ. ಅವರಿಗೆ ಮೊದಲಿನಿಂದಲೂ ಉಬ್ಬಸ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಹೆಸರಾಂತ ನಟಿಯ ಗತಿಯೇ ಹೀಗಾಯಿತು.

ಇನ್ನು ಮಕ್ಕಳು. 2022ರ ಕೊನೆಗೆ 1,700ಕ್ಕೂ ಹೆಚ್ಚು ಮಕ್ಕಳು ತಾಯಂದಿರ ಜೊತೆ ಜೈಲಿನಲ್ಲೇ ಇದ್ದರು. ಆರು ವರ್ಷ ತುಂಬುವವರೆಗೆ ಮಗು ತಾಯಿಯ ಬಳಿ ಇರಬಹುದು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಹೇಳಿತು. ಮಗುವಿಗೆ ಬೇರೆ ಊಟ, ಬಟ್ಟೆ, ಶಿಶುವಿಹಾರ ಇರಬೇಕು. ಆದಷ್ಟು ಮಟ್ಟಿಗೆ ಹೆರಿಗೆ ಹೊರಗಿನ ಆಸ್ಪತ್ರೆಯಲ್ಲಾಗಬೇಕು. ಒಂದು ವೇಳೆ ಒಳಗೇ ಹುಟ್ಟಿದರೂ ಜನನ ಪತ್ರದಲ್ಲಿ ಜೈಲಿನ ಹೆಸರು ಬರೆಯಬಾರದು. ಮುಂದೆ ಶಾಲೆಗೆ ಸೇರಿಸುವಾಗ ಆ ಕಾಗದ ಮಾಡಬಹುದಾದ ಅನಾಹುತವನ್ನು ನ್ಯಾಯಮೂರ್ತಿಗಳು ಮೊದಲೇ ಕಂಡಿದ್ದರು. ಆರು ತುಂಬಿದ ಮೇಲೆ ಅಜ್ಜಿಯೋ ಚಿಕ್ಕಮ್ಮನೋ ಕರೆದುಕೊಂಡು ಹೋಗಬೇಕು. ಯಾರೂ ಬರದಿದ್ದರೆ ಬಾಲಮಂದಿರ.

ಈ ‘ಯಾರೂ ಬರದಿದ್ದರೆ’ ಎಂಬ ಮಾತಿನಲ್ಲೇ ಇಡೀ ಸಮಸ್ಯೆ ಇದೆ ಎಂದು ನನಗನ್ನಿಸುತ್ತದೆ. ಗಂಡ ಜೈಲಿಗೆ ಹೋದರೆ ಹೆಂಡತಿ ಒಡವೆ ಅಡವಿಟ್ಟು ವಕೀಲರ ಮನೆಗೆ ಅಲೆಯುತ್ತಾಳೆ, ತಾರೀಖು ತಪ್ಪದೆ ಮುಲಾಖತ್ತಿಗೆ ಹೋಗುತ್ತಾಳೆ. ಹೆಂಡತಿಯೇ ಒಳಗಾದರೆ ಗಂಡನ ಮನೆಯವರು ‘ಮರ್ಯಾದೆ ಹೋಯಿತು’ ಅನ್ನುತ್ತಾರೆ, ತವರಿನವರು ಬಾಗಿಲು ಹಾಕುತ್ತಾರೆ. ಒಳಗಿರುವ ಪ್ರತಿ ನಾಲ್ವರು ಹೆಂಗಸರಲ್ಲಿ ಮೂವರು ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಹೆಂಗಸು ಎಂಬ ಕಾರಣಕ್ಕೆ ಜಾಮೀನು ಕೊಡಲು ಕಾನೂನಿನಲ್ಲಿ ಅವಕಾಶವೂ ಇದೆ. ನ್ಯಾಯಾಧೀಶರು ಜಾಮೀನು ಕೊಟ್ಟೂ ಕೊಡುತ್ತಾರೆ. ಆಮೇಲೆ ಶ್ಯೂರಿಟಿ, ಅಂದರೆ ಹೊಣೆ ನಿಲ್ಲುವವರು, ಬೇಕು; ಅದಕ್ಕೆ ಜಮೀನಿನ ಪಹಣಿ ಬೇಕು. ಅವಳ ಹೆಸರಿನಲ್ಲಿ ಜಮೀನೆಲ್ಲಿದೆ? ಇದ್ದವರು ಬಂದು ಸಹಿ ಹಾಕುವುದಿಲ್ಲ. ಆದೇಶ ಕೈಯಲ್ಲಿದ್ದೂ ಬೀಗ ತೆಗೆಯುವುದಿಲ್ಲ.

ಇದನ್ನು ಕಂಡೇ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ವ್ಯವಸ್ಥೆ ಮಾಡಿತು. ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು; ತಿಂಗಳೊಳಗೆ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ನ್ಯಾಯಾಲಯ ತಾನೇ ನೋಡಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ಅದರಲ್ಲಿ ವಿಚಾರಣಾಧೀನರ ಜಾಮೀನಿಗೆ ಆಗ 40,000 ರೂಪಾಯಿವರೆಗೆ ಎಂದು ಗೊತ್ತುಮಾಡಿತ್ತು. ದಾರಿಗಳಿವೆ, ಆದರೆ ಅರ್ಜಿ ಬರೆಯಬೇಕು, ಬೆನ್ನು ಹತ್ತಬೇಕು.

ಕೇಳುತ್ತಿರುವವರಲ್ಲಿ ಯಾರಿಗಾದರೂ ಬೇಕಾದೀತು, ಅದಕ್ಕೆ ಹೇಳುತ್ತೇನೆ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರೆಲ್ಲರಿಗೂ ಉಚಿತ ವಕೀಲರ ನೆರವು ಸಿಗುತ್ತದೆ, ಆದಾಯ ಎಷ್ಟೇ ಇರಲಿ. ಸಹಾಯವಾಣಿ 15100. ಜೈಲಿನೊಳಗಿಂದ ಅವಳೇ ಅರ್ಜಿ ಕೊಡಬಹುದು, ಹೊರಗಿನಿಂದ ನೀವೂ ಫೋನು ಮಾಡಬಹುದು.