ಭೌತವಿಜ್ಞಾನದ ಪದವಿಯ ಬಳಿಕ

ಹಾಸನದ ಸಮೀಪದಲ್ಲಿರುವ ಮೊಸಳೆ ಗ್ರಾಮದಲ್ಲಿ ಹೊಯ್ಸಳರ ಕಾಲದ ಎರಡು ದೇವಾಲಯಗಳಿವೆ. ಒಂದು ನಾಗೇಶ್ವರನದು, ಮತ್ತೊಂದು ಚೆನ್ನಕೇಶವನದು. ಕೆಲವೇ ಅಡಿಗಳ ಅಂತರದಲ್ಲಿ ಒಂದೇ ಮಾದರಿಯಲ್ಲಿ ನಿಂತಿರುವ ಈ ಜೋಡಿಗುಡಿಗಳಲ್ಲಿ ಯಾವುದು ಹಿರಿದು, ಯಾವುದು ಕಿರಿದು ಎಂದು ಹೇಳುವುದು ಕಷ್ಟ. ಆದರೆ ಅಂಥ ಊರಿನ ತರುಣನೊಬ್ಬನು ಭೌತವಿಜ್ಞಾನದಲ್ಲಿ ಬಿ.ಎಸ್‌ಸಿ. ತೇರ್ಗಡೆಯಾಗಿ ಮನೆಗೆ ಬಂದಾಗ, ಸಂಶೋಧನೆಯ ದಾರಿ ಹಿರಿದು, ಸಂಬಳದ ದಾರಿ ಕಿರಿದು ಎಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಅವನ ಓದಿಗೆಂದು ತಂದೆ ಮಾಡಿದ ಸಾಲವನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಿ. ವಿ. ರಾಮನ್ನರು 1907ರಲ್ಲಿ ಎಂ.ಎ. ಮುಗಿಸಿ ಸರ್ಕಾರದ ಹಣಕಾಸು ಇಲಾಖೆಯನ್ನು ಸೇರಿದರು. ಕಲ್ಕತ್ತೆಯಲ್ಲಿ ಕಚೇರಿಯ ವೇಳೆಯ ಹೊರಗೆ ಪ್ರಯೋಗಗಳನ್ನು ನಡೆಸಿದರು. 1917ರಲ್ಲಿ ಪ್ರಾಧ್ಯಾಪಕರಾದರು, 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು, 1933ರಲ್ಲಿ ಬೆಂಗಳೂರಿಗೆ ಬಂದರು. ಎಲ್ಲರೂ ರಾಮನ್ನರಾಗಲಾರರು, ನಿಜ. ಆದರೆ ಸಂಬಳವು ವಿಜ್ಞಾನದ ಬಾಗಿಲನ್ನು ಮುಚ್ಚಲೇಬೇಕೆಂದಿಲ್ಲ.

ಇಂದು ಬಾಗಿಲುಗಳು ಹಲವು. ಜ್ಯಾಮ್ ಪ್ರವೇಶ ಪರೀಕ್ಷೆಯಲ್ಲಿ ತೇರಿದವರಿಗೆ ಐ.ಐ.ಟಿ.ಗಳ ಎಂ.ಎಸ್‌ಸಿ. ತೆರೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಎಸ್‌ಸಿ.ಯ ಬಳಿಕವೇ ಸಂಯುಕ್ತ ಪಿಎಚ್.ಡಿ.ಗೆ ಸೇರಬಹುದು, ಅಲ್ಲಿ ವಿದ್ಯಾರ್ಥಿವೇತನವೂ ಉಂಟು. ಬಿ.ಎಡ್. ಮಾಡಿದವರಿಗೆ ಪ್ರೌಢಶಾಲೆಯ ಉಪಾಧ್ಯಾಯ ವೃತ್ತಿಯಿದೆ. ಗಣಿತವನ್ನೂ ಓದಿದವರು ವಿಮಾನ ಸಂಚಾರ ನಿಯಂತ್ರಣದ ಹುದ್ದೆಗೆ ಅರ್ಜಿ ಹಾಕಬಹುದು. ಹವಾಮಾನ ಇಲಾಖೆಯಲ್ಲಿಯೂ ಇಸ್ರೋದಲ್ಲಿಯೂ ವೈಜ್ಞಾನಿಕ ಸಹಾಯಕರ ಹುದ್ದೆಗಳಿವೆ; ಅವಕ್ಕೆ ಪ್ರಥಮ ದರ್ಜೆ ಬೇಕಾಗುತ್ತದೆ.

'ಸಹಾಯಕ' ಎಂಬ ಹೆಸರನ್ನು ಕೇಳಿ ಮೂಗು ಮುರಿಯುವುದು ಬೇಡ. ಹಾಸನದಲ್ಲಿಯೇ 1982ರಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು ಸ್ಥಾಪಿತವಾಯಿತು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳು ಸೂರ್ಯ ಚಂದ್ರರ ಸೆಳೆತದಿಂದ ಸ್ಥಾನ ತಪ್ಪದಂತೆ ಅಲ್ಲಿಂದ ಕಾಯುತ್ತಾರೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದ ಗುರುತ್ವಾಕರ್ಷಣೆಯ ನಿಯಮವು ಅಲ್ಲಿ ದಿನನಿತ್ಯದ ಕೆಲಸ.

ಹಾಗಾದರೆ ಆರಿಸುವುದು ಹೇಗೆ? ಮನೆಯವರು ಇನ್ನೆಷ್ಟು ವರ್ಷ ಕಾಯಬಲ್ಲರೆಂಬುದನ್ನು ಸಂಕೋಚವಿಲ್ಲದೆ ಮೊದಲು ಕೇಳಿಕೊಳ್ಳೋಣ. ಕಾಯಬಲ್ಲರಾದರೆ ವ್ಯಾಸಂಗ ಮುಂದುವರಿಯಲಿ. ಇಲ್ಲವಾದರೆ ಹುದ್ದೆಯೇ ಮೊದಲಾಗಲಿ. ಏಕೆಂದರೆ ಸರ್ಕಾರಿ ಹುದ್ದೆಗೆ ವಯಸ್ಸಿನ ಮಿತಿಯುಂಟು, ಜ್ಯಾಮ್ ಪರೀಕ್ಷೆಗೆ ಇಲ್ಲ. ಸಾಲ ತೀರಿದ ಮೇಲೆ ಮತ್ತೆ ಓದಲು ಕುಳಿತವನನ್ನು ತಡವಾಗಿ ಬಂದವನೆಂದು ನಾವು ಹಳಿಯದಿದ್ದರೆ ಸಾಕು.